ಎರಡು ಪರಭಾಷೆಗಳ ನಡುವೆ ಫರ್ಡಿನಾಂಡ್ ಕಿಟೆಲ್

ಬೋಧನಾಭ್ಯಾಸಕ್ಕೆಂದು ಬೈಲಹೊಂಗಲ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಹೋದಾಗ ಒಂಬತ್ತನೇ ತರಗತಿಯ ಚಲನೆಯ ಪಾಠ ನನ್ನ ಪಾಲಿಗೆ ಬಂದಿತ್ತು. ಸ್ಪೀಡ್ ಎಂದರೆ ಜವ, ವೆಲಾಸಿಟಿ ಎಂದರೆ ವೇಗ ಎಂದು ಕರಿಹಲಗೆಯ ಮೇಲೆ ಬರೆದೆ. ಜವ, ವೇಗ ಎರಡೂ ಒಂದೇ ಅಲ್ಲವೇನ್ರಿ ಸರ್ ಎಂದು ಒಬ್ಬ ಹುಡುಗಿ ಕೇಳಿದಳು. ವ್ಯಾಖ್ಯೆಯನ್ನು ಎರಡು ಸಲ ಓದಿ ಹೇಳಿ ಕೂರಿಸಿದೆ. ಅವಳು ಕೇಳಿದ್ದು ಪದದ ಬಗ್ಗೆ. ನಾನು ಕೊಟ್ಟದ್ದು ಸೂತ್ರ. ಆ ವಾರ ಕಾಲೇಜಿನ ಗ್ರಂಥಾಲಯದಲ್ಲಿ ಕಿಟೆಲ್ ಕೋಶವನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡೆ. ಅದನ್ನು ಮಾಡಿದವರ ಬದುಕು ಶಿಕ್ಷಕರಾಗಲಿರುವ ನಮಗೆ ತಿಳಿದಿರಬೇಕೆನಿಸಿತು.

ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾದದ್ದೂ ಅದೇ ವರ್ಷ. ಶಾಲೆಯಲ್ಲಿದ್ದಾಗಲೇ ಕಿಟೆಲ್ ಹಲವು ಭಾಷೆ ಕಲಿತರು. ಬಾಸೆಲ್ ಮಿಷನ್ ಸೇರಿ 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಮೊದಲ ವರ್ಷಗಳು ನಮ್ಮ ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ ಕಳೆದವು. ಹಳ್ಳಿಗಳಲ್ಲಿ ತಿರುಗಾಡಿ, ಜನರ ಜೊತೆ ಬೆರೆತು ಮಾತು ಕಲಿತರು. ಮುಂದೆ ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದರು.

ಧರ್ಮಪ್ರಚಾರಕ್ಕೆ ಬಂದವರು ಹಳಗನ್ನಡದ ಓಲೆಗರಿಗಳಲ್ಲಿ ಮುಳುಗಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿದರು. ಬಳಿಕ ಜರ್ಮನಿಗೆ ಮರಳಿದ್ದ ಅವರು ನಿಘಂಟಿನ ಕೆಲಸಕ್ಕಾಗಿಯೇ 1883ರಲ್ಲಿ ಮತ್ತೆ ಇಲ್ಲಿಗೆ ಬಂದರು. ಆಗ ವಯಸ್ಸು ಐವತ್ತು ದಾಟಿತ್ತು. ಇಲ್ಲಿನ ಪಂಡಿತರ ನೆರವು ಪಡೆದು ವರ್ಷಗಟ್ಟಲೆ ದುಡಿದರು. 1894ರಲ್ಲಿ ಮಂಗಳೂರಿನಲ್ಲಿ ಕೋಶ ಅಚ್ಚಾಯಿತು: ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅವರ ಕನ್ನಡ ವ್ಯಾಕರಣ 1903ರಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಧಾರವಾಡದಲ್ಲಿ ಅವರ ಹೆಸರಿನ ವಿಜ್ಞಾನ ಕಾಲೇಜಿದೆ.

ಈ ಬದುಕಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಒಂದೇ. ಕಿಟೆಲ್ ಅವರಿಗೆ ಕನ್ನಡವೂ ತಾಯ್ನುಡಿಯಲ್ಲ, ಇಂಗ್ಲಿಷೂ ತಾಯ್ನುಡಿಯಲ್ಲ. ಎರಡನ್ನೂ ಕಲಿತೇ ತೂಗಬೇಕಿತ್ತು. ಕೇಳು ಎಂಬ ನಮ್ಮ ಒಂದು ಕ್ರಿಯಾಪದವನ್ನೇ ನೋಡಿ. ಗುಡುಗು ಕೇಳಿದರೆ ಇಂಗ್ಲಿಷಿನಲ್ಲಿ ಹಿಯರ್, ಪಾಠ ಕೇಳಿದರೆ ಲಿಸನ್, ಪ್ರಶ್ನೆ ಕೇಳಿದರೆ ಆಸ್ಕ್. ಕನ್ನಡದಲ್ಲಿ ಯೋಚಿಸಿ ಬರೆಯುವ ಮಗು ಈ ಮೂರನ್ನೂ ಅದಲು ಬದಲು ಮಾಡುವುದು ಸಹಜ. ಅದನ್ನು ದಡ್ಡತನ ಎನ್ನಲಾಗದು. ಕಿಟೆಲ್ ಕೋಶ ಪದದ ಎದುರು ಇಂಗ್ಲಿಷ್ ಅರ್ಥಗಳ ಸಾಲು ಕೊಟ್ಟು ಸುಮ್ಮನಾಗುವುದಿಲ್ಲ. ಕಾವ್ಯದ ಪ್ರಯೋಗ, ಜನರ ಬಾಯಿಯ ಗಾದೆ, ನೆರೆಯ ದ್ರಾವಿಡ ಭಾಷೆಗಳ ರೂಪ ಇವನ್ನೂ ಅಲ್ಲಲ್ಲಿ ಜೊತೆಗಿಡುತ್ತದೆ. ಪದ ಯಾವ ವಾಕ್ಯದಲ್ಲಿ ಕೂತಿದೆ ಎಂಬುದರ ಮೇಲೆಯೇ ಅದರ ಅರ್ಥದ ಛಾಯೆ ನಿಲ್ಲುತ್ತದೆ.

ಮುಂದಿನ ಅವಧಿಯಲ್ಲಿ ಪಾಠ ಯೋಜನೆ ಬದಲಿಸಿದೆ. ಮೊದಲು ಆ ಹುಡುಗಿಯ ಮಾತು ಸರಿ ಎಂದು ತರಗತಿಗೆ ಹೇಳಿದೆ: ಮನೆಮಾತಿನಲ್ಲಿ ಜವ, ವೇಗ ಒಂದೇ, ಇಂಗ್ಲಿಷಿನ ದಿನಬಳಕೆಯಲ್ಲಿಯೂ ಸ್ಪೀಡ್, ವೆಲಾಸಿಟಿ ಬಹಳ ಹತ್ತಿರದವು, ಬೇರೆ ಮಾಡಿದ್ದು ಭೌತಶಾಸ್ತ್ರ. ಆಮೇಲೆ ಬೈಲಹೊಂಗಲದಿಂದ ಸವದತ್ತಿಗೆ ಹೋಗಿ ಅದೇ ನಿಲ್ದಾಣಕ್ಕೆ ಮರಳುವ ಬಸ್ಸಿನ ಲೆಕ್ಕ ಕೊಟ್ಟೆ. ಬಸ್ಸು ದೂರ ಕ್ರಮಿಸಿದೆ, ಆದ್ದರಿಂದ ಸರಾಸರಿ ಜವ ಇದೆ. ಸ್ಥಾನಪಲ್ಲಟ ಸೊನ್ನೆ, ಆದ್ದರಿಂದ ಸರಾಸರಿ ವೇಗವೂ ಸೊನ್ನೆ. ಮಕ್ಕಳು ನಕ್ಕರು, ಲೆಕ್ಕ ಬಿಡಿಸಿದರು.

ಸಮಾನಾರ್ಥಕ ಎಂದು ಎರಡು ಪದಗಳನ್ನು ಹಲಗೆಯ ಮೇಲೆ ಜೋಡಿಸಿ ಬರೆಯುವ ಮುನ್ನ ಈಗ ಎರಡಕ್ಕೂ ಒಂದೊಂದು ವಾಕ್ಯ ಬರೆದುಕೊಳ್ಳುತ್ತೇನೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡುತ್ತೇನೆ. ಹೊಂದದಿದ್ದರೆ ಅಂದಿನ ಪಾಠ ಅಲ್ಲಿಂದಲೇ ಶುರು.