ಭತ್ತವೂ ರಾಗಿಯೂ: ಬಾಡದ ಕನಕದಾಸರ ಚರಿತ್ರೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳ ನಮ್ಮ ಸಭೆಗಳಲ್ಲಿ ಕನಕದಾಸರ ಹೆಸರನ್ನು ಕೇಳದವರು ಇರಲಾರರು. ಅಕ್ಷರ ಬಲ್ಲವನಿಗೆ ನೆರೆಯವರ ವಿಷಯದಲ್ಲಿ ಇರುವ ಹೊಣೆಯನ್ನು ಅವರು ಹೇಗೆ ತೀರಿಸಿದರೆಂಬದನ್ನು ಈ ಸಾರಿ ಸಂಕ್ಷೇಪವಾಗಿ ಹೇಳುವೆವು.

ವಿಜಯನಗರದ ಅರಸರು ಆಳುತ್ತಿದ್ದ 16ನೆಯ ಶತಮಾನದಲ್ಲಿ ಇವರು ಬಾಳಿದರು. ಹುಟ್ಟೂರು ಶಿಗ್ಗಾಂವಿ ತಾಲೂಕಿನ ಬಾಡ, ಕುಲ ಕುರುಬರದು, ತಂದೆ ಬೀರಪ್ಪ, ತಾಯಿ ಬಚ್ಚಮ್ಮ, ಮೊದಲಿನ ಹೆಸರು ತಿಮ್ಮಪ್ಪ ಎಂದು ಪ್ರತೀತಿ. ಪ್ರಾಯದಲ್ಲಿ ಸೀಮೆಯ ನಾಯಕರಾಗಿ ಕತ್ತಿ ಹಿಡಿದಿದ್ದರೆಂದೂ, ಯುದ್ಧದಲ್ಲಿ ಬಲವಾಗಿ ಗಾಯಗೊಂಡು ಉಳಿದ ಮೇಲೆ ಅಧಿಕಾರವನ್ನು ತೊರೆದು ಕಾಗಿನೆಲೆಯ ಆದಿಕೇಶವನ ದಾಸರಾದರೆಂದೂ ಜನರು ಹೇಳುತ್ತಾರೆ.

ಅರಮನೆಯ ವೈಭವವನ್ನು ವರ್ಣಿಸುವದರಲ್ಲಿ ಅವರು ಯಾರಿಗೂ ಕಡಿಮೆಯಾಗಿರಲಿಲ್ಲ. ಮೋಹನತರಂಗಿಣಿಯೇ ಅದಕ್ಕೆ ಸಾಕ್ಷಿ. ಆದರೆ ಅದೇ ಕೈ ರಾಮಧಾನ್ಯಚರಿತ್ರೆಯನ್ನೂ ಬರೆಯಿತು. ಅದರ ಕಥೆ ಹೀಗಿದೆ. ಲಂಕೆಯಿಂದ ಹಿಂದಿರುಗುವ ರಾಮನಿಗೆ ಮುನಿಗಳ ಆಶ್ರಮದಲ್ಲಿ ಔತಣವಾಗಲು, ಧಾನ್ಯಗಳಲ್ಲಿ ಶ್ರೇಷ್ಠವಾದದ್ದು ಯಾವದೆಂಬ ಮಾತು ಹುಟ್ಟುತ್ತದೆ. ಭತ್ತವು ರಾಗಿಯನ್ನು ಹೀನಕುಲದ್ದೆಂದು ಹಳಿಯುತ್ತದೆ. ರಾಗಿಯಾದರೋ ಸುಮ್ಮನಿರದೆ, ಭತ್ತವು ಐಶ್ವರ್ಯವಂತರ ಕಡೆಗೇ ನೋಡುವದೆಂದೂ, ಮಳೆ ತಪ್ಪಿದ ಕಾಲದಲ್ಲಿ ಬಡವರನ್ನು ಸಾಕುವದು ತಾನೇ ಎಂದೂ ಉತ್ತರ ಕೊಡುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಹೊರಗೆ ತಂದಾಗ ಭತ್ತವು ಕುಂದಿತ್ತು, ರಾಗಿಯು ಕೆಡದೆ ಇತ್ತು. ಹಗೇವಿನಲ್ಲಿ ರಾಗಿ ಎಷ್ಟು ಕಾಲ ನಿಲ್ಲುವದೆಂದು ಒಕ್ಕಲಿಗನು ಬಲ್ಲನಷ್ಟೆ. ಅವನು ಬಲ್ಲ ಆ ಸಂಗತಿಯನ್ನೇ ಕವಿಯು ನ್ಯಾಯಸ್ಥಾನದಲ್ಲಿ ಸಾಕ್ಷಿಯಾಗಿ ನಿಲ್ಲಿಸಿದರು. ರಾಮನು ರಾಘವನೆಂಬ ತನ್ನ ಹೆಸರಿನಿಂದಲೇ ರಾಗಿಗೆ ಹೆಸರಿಟ್ಟು ಮನ್ನಿಸುತ್ತಾನೆ. ಬಳಿಕ ನಾಚಿದ ಭತ್ತವನ್ನೂ ಸಂತೈಸುತ್ತಾನೆ.

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಹಳಿಯಲ್ಪಟ್ಟವರ ನೋವನ್ನು ಕವಿಯು ಮುಚ್ಚಿಡಲಿಲ್ಲ. ಹಳಿದವರನ್ನು ನಾಶಮಾಡಬೇಕೆಂದೂ ಬರೆಯಲಿಲ್ಲ. ಮೊದಲನೆಯದಕ್ಕೆ ಧೈರ್ಯ ಬೇಕು. ಎರಡನೆಯದಕ್ಕೆ ಅದಕ್ಕಿಂತಲೂ ಹೆಚ್ಚಿನ ಧೈರ್ಯ ಬೇಕು.

ಅವರ ಮತವು ನಮ್ಮದಲ್ಲವೆಂಬದು ನಿಜ. ಆದರೂ ಬಾಸೆಲ್ ಮಿಶನಿನ ಮೋಗ್ಲಿಂಗ್ ಅಯ್ಯನವರು 1848ರಿಂದ 1853ರ ವರೆಗೆ ಮಂಗಳೂರಿನಲ್ಲಿ ಕನ್ನಡ ಗ್ರಂಥಗಳನ್ನು ಅಚ್ಚು ಹಾಕಿಸಿದಾಗ ದಾಸರ ಪದಗಳನ್ನು ಬಿಟ್ಟುಬಿಡಲಿಲ್ಲ. ಒಳ್ಳೆಯದು ಎಲ್ಲಿದ್ದರೂ ಅದನ್ನು ಗುರುತಿಸಿ ಕಾಪಾಡುವದು ಯೋಗ್ಯವೇ.

ನಮ್ಮ ಸಭೆಗಳಲ್ಲಿ ಅನೇಕರ ಹಿರಿಯರು ಆ ರಾಗಿಯಂತೆ ಹಳಿಯಲ್ಪಟ್ಟವರು. ಈಗ ಅವರ ಮಕ್ಕಳ ಕೈಯಲ್ಲಿ ಲೇಖಣಿ ಇದೆ. ಓದಲಾರದ ನೆರೆಯವನಿಗೆ ಅರ್ಜಿಯನ್ನು ಬರೆದುಕೊಡುವಾಗಲಾಗಲಿ, ಪಂಚಾಯತಿಯ ಲೆಕ್ಕವನ್ನು ಬರೆಯುವಾಗಲಾಗಲಿ, ದೂರದ ಬಂಧುವಿಗೆ ಮತ್ತೊಬ್ಬನ ಸುದ್ದಿಯನ್ನು ತಿಳಿಸುವಾಗಲಾಗಲಿ, ನಾವು ಬರೆಯುವ ಮಾತು ಒಬ್ಬ ಮನುಷ್ಯನನ್ನು ಎತ್ತುವದು ಇಲ್ಲವೆ ತಗ್ಗಿಸುವದು. ಹೊಳೆಯುವ ವಸ್ತ್ರದವನಿಗೆ ಒಳ್ಳೆಯ ಸ್ಥಳವನ್ನು ಕೊಟ್ಟು ಬಡವನನ್ನು ಕಾಲಬಳಿಯಲ್ಲಿ ಕೂರಿಸಬಾರದೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಎಚ್ಚರಿಸಿದ್ದು ಕೂಡುವ ಮನೆಗೆ ಮಾತ್ರವಲ್ಲ, ಬರೆಯುವ ಕಾಗದಕ್ಕೂ ಸಲ್ಲುತ್ತದೆ. ಕರ್ತನು ನಮ್ಮ ಕೈಗೂ ಹೃದಯಕ್ಕೂ ಆ ಬುದ್ಧಿಯನ್ನು ದಯಪಾಲಿಸಲಿ.