ಮ್ಯಾರಥಾನ್ ವೀರ ಕ್ಲಾರೆನ್ಸ್ ಡಿಮಾರ್ ಮತ್ತು ಅವರ ಹೃದಯ

ಓಡಿದರೆ ಹೃದಯ ಗಟ್ಟಿಯಾಗುತ್ತದೆಯೋ, ಸವೆದು ಹೋಗುತ್ತದೆಯೋ? ಇಂದು ಈ ಪ್ರಶ್ನೆಗೆ ಪ್ರೌಢಶಾಲೆಯ ಮಕ್ಕಳೂ ಉತ್ತರ ಹೇಳುತ್ತಾರೆ. ಆದರೆ ನೂರು ವರ್ಷಗಳ ಹಿಂದೆ ಹೆಸರಾಂತ ವೈದ್ಯರಲ್ಲಿಯೇ ಈ ಬಗ್ಗೆ ಒಮ್ಮತವಿರಲಿಲ್ಲ. ಆ ಕಾಲದಲ್ಲಿ ಹೃದಯ ಸರಿಯಿಲ್ಲ, ಓಡಬೇಡ ಎಂಬ ಮಾತು ಕೇಳಿಯೂ ಸುಮಾರು ಅರ್ಧ ಶತಮಾನ ಓಡಿದ ಒಬ್ಬ ಬಡ ಅಚ್ಚುಕೂಟದ ಕೆಲಸಗಾರರ ಜೀವನ ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ಕ್ಲಾರೆನ್ಸ್ ಡಿಮಾರ್ 1888ರ ಜೂನ್ 7ರಂದು ಅಮೆರಿಕದ ಒಹಾಯೊ ರಾಜ್ಯದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮಕ್ಕಳನ್ನು ಸಾಕುವುದು ತಾಯಿಗೆ ಕಷ್ಟವಾಯಿತು. ಕುಟುಂಬ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಬಂದ ಮೇಲೆ ಬಾಲಕ ಡಿಮಾರ್ ಅವರನ್ನು ಬಾಸ್ಟನ್ ಬಂದರಿನ ಒಂದು ದ್ವೀಪದಲ್ಲಿ ಬೇಸಾಯ ಮತ್ತು ಕಸುಬು ಕಲಿಸುವ ವಸತಿ ಶಾಲೆಗೆ ಸೇರಿಸಲಾಯಿತು. ಮುಂದೆ ಅವರ ಹೊಟ್ಟೆಪಾಡಿಗೆ ಆಧಾರವಾದದ್ದು ಮುದ್ರಣದ ಕೆಲಸ. ಓಟದ ರುಚಿ ಹತ್ತಿದ್ದು ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ. ತಾಯಿಯನ್ನು ನೋಡಿಕೊಳ್ಳಲು ಓದು ಬಿಟ್ಟು ಬಾಸ್ಟನ್‌ನಲ್ಲಿ ಕೆಲಸಕ್ಕೆ ಸೇರಿದರು. ಅಭ್ಯಾಸಕ್ಕೆ ಬೇರೆ ಸಮಯವಿಲ್ಲದ ಕಾರಣ ಮನೆಯಿಂದ ಕೆಲಸಕ್ಕೂ ಕೆಲಸದಿಂದ ಮನೆಗೂ ಓಡುತ್ತಿದ್ದರು.

1910ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಅವರು ಎರಡನೆಯ ಸ್ಥಾನ ಪಡೆದರು. ಮರುವರ್ಷ ಓಟಕ್ಕೆ ಮುಂಚೆ ಪರೀಕ್ಷಿಸಿದ ವೈದ್ಯರಿಗೆ ಅವರ ಹೃದಯದಲ್ಲಿ ಮರ್ಮರ ಶಬ್ದ ಕೇಳಿಸಿತು. ಇನ್ನು ಮುಂದೆ ಓಡುವುದನ್ನು ಬಿಡಬೇಕು ಎಂದು ಸಲಹೆ ಕೊಟ್ಟರು. ಇಪ್ಪತ್ತೆರಡು ವರ್ಷದ ಯುವಕನಿಗೆ ಇದು ಎಂಥ ಮಾತು! ಆದರೂ ಅಂದು ಡಿಮಾರ್ ಓಡಿದರು. 2 ಗಂಟೆ 21 ನಿಮಿಷ 39 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ಹೊಸ ದಾಖಲೆಯೊಂದಿಗೆ ಗೆದ್ದರು.

ಇಲ್ಲಿ ವೈದ್ಯರನ್ನು ದೂರುವುದು ನ್ಯಾಯವಲ್ಲ. ಅಂದು ಅವರ ಕೈಯಲ್ಲಿದ್ದದ್ದು ಮುಖ್ಯವಾಗಿ ಸ್ಟೆತೊಸ್ಕೋಪ್ ಮಾತ್ರ. ಸ್ವೀಡನ್‌ನ ವೈದ್ಯ ಹೆನ್ಷೆನ್ 1899ರಲ್ಲಿ ಹಿಮದ ಮೇಲೆ ಸ್ಕೀ ಓಟ ಮಾಡುವವರ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿ, ಅವರ ಹೃದಯ ದೊಡ್ಡದಾಗಿದೆ ಎಂದು ಗುರುತಿಸಿದ್ದರು. ಅದು ಶಕ್ತಿಯ ಗುರುತು ಎಂದು ಅವರು ತಿಳಿದರು, ರೋಗದ ಗುರುತು ಎಂದು ಇನ್ನು ಹಲವರು ತಿಳಿದರು. ಈಗ ನಮಗೆ ಕಾರಣ ಗೊತ್ತಿದೆ. ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಹೃದಯದ ಕೋಣೆಗಳು ಹಿಗ್ಗುತ್ತವೆ, ಗೋಡೆ ಸ್ವಲ್ಪ ದಪ್ಪವಾಗುತ್ತದೆ. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಬರುವುದರಿಂದ ವಿಶ್ರಾಂತಿಯಲ್ಲಿ ನಾಡಿ ನಿಧಾನವಾಗುತ್ತದೆ. ಸಾಮಾನ್ಯರ ನಾಡಿ ನಿಮಿಷಕ್ಕೆ 60ರಿಂದ 100 ಇದ್ದರೆ, ಇವರದು 50ಕ್ಕಿಂತ ಕಡಿಮೆ ಇರಬಹುದು. ಹೆಚ್ಚು ರಕ್ತ ಹರಿಯುವಾಗ ಕವಾಟಗಳಲ್ಲಿ ದೋಷವಿಲ್ಲದಿದ್ದರೂ ಮರ್ಮರ ಕೇಳಿಸುವುದುಂಟು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 12ನೆಯವರಾಗಿ ಬಂದ ಮೇಲೆ ಡಿಮಾರ್ ಕೆಲವು ವರ್ಷ ಸ್ಪರ್ಧೆಗಳಿಂದ ಬಹುಮಟ್ಟಿಗೆ ದೂರವಿದ್ದರು. ವೈದ್ಯರ ಎಚ್ಚರಿಕೆ ಮನಸ್ಸಿನಲ್ಲಿತ್ತು. ಬರೀ ಗೆಲುವಿಗಾಗಿ ಓಡುವುದು ಸ್ವಾರ್ಥವಲ್ಲವೇ ಎಂಬ ಧಾರ್ಮಿಕ ಅಳುಕೂ ಇತ್ತು. ಆ ಸಮಯವನ್ನು ಅವರು ವ್ಯರ್ಥ ಮಾಡಲಿಲ್ಲ. ದುಡಿಯುತ್ತಲೇ ಓದಿ 1915ರಲ್ಲಿ ಹಾರ್ವರ್ಡ್‌ನಿಂದ ಪದವಿ ಪಡೆದರು. ಮುಂದೆ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಮುಗಿಸಿ, ಕೀನ್ ಪಟ್ಟಣದ ಶಿಕ್ಷಕರ ತರಬೇತಿ ಶಾಲೆಯಲ್ಲಿ ಅಧ್ಯಾಪಕರಾದರು.

ಮತ್ತೆ ಸ್ಪರ್ಧೆಗೆ ಇಳಿದಾಗ ಅವರನ್ನು ತಡೆಯುವವರೇ ಇರಲಿಲ್ಲ. 1922, 1923, 1924, 1927, 1928 ಮತ್ತು 1930ರಲ್ಲಿ ಬಾಸ್ಟನ್ ಮ್ಯಾರಥಾನ್ ಗೆದ್ದರು. ಒಟ್ಟು ಏಳು ಗೆಲುವು. ಕೊನೆಯ ಗೆಲುವಿನ ವೇಳೆಗೆ ಅವರಿಗೆ 41 ವರ್ಷ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕವೂ ಬಂತು. ಹಾರ್ವರ್ಡ್‌ನ ವಿಜ್ಞಾನಿಗಳು ಅವರನ್ನು ಪ್ರಯೋಗಾಲಯದಲ್ಲಿ ಓಡಿಸಿ ರಕ್ತ ಪರೀಕ್ಷಿಸಿದರು. ಇತರರಿಗೆ ಆಯಾಸ ತರುವ ವೇಗದಲ್ಲಿಯೂ ಅವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚೇನೂ ಏರಿರಲಿಲ್ಲ.

ಡಿಮಾರ್ 1954ರಲ್ಲಿ, 65ನೆಯ ವಯಸ್ಸಿನಲ್ಲಿ, ಕೊನೆಯ ಬಾರಿ ಬಾಸ್ಟನ್ ಮ್ಯಾರಥಾನ್ ಓಡಿದರು. 1958ರ ಜೂನ್ 11ರಂದು ತೀರಿಕೊಂಡರು. ಕಾರಣ ಹೃದಯವಲ್ಲ, ಕ್ಯಾನ್ಸರ್. ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಚಿಕಿತ್ಸೆ ನೀಡಿದ್ದ ಪ್ರಸಿದ್ಧ ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ಮತ್ತು ಅವರ ಸಹೋದ್ಯೋಗಿ ಕರೆನ್ಸ್ ಮರಣೋತ್ತರ ಪರೀಕ್ಷೆಯ ವಿವರಗಳನ್ನು 1961ರಲ್ಲಿ ಪ್ರಕಟಿಸಿದರು. ಹೃದಯಕ್ಕೆ ರಕ್ತ ಒಯ್ಯುವ ಕರೋನರಿ ನಾಳಗಳು ಸಾಮಾನ್ಯಕ್ಕಿಂತ ಎರಡು ಮೂರು ಪಟ್ಟು ಅಗಲವಾಗಿದ್ದವು. ನಾಳಗಳ ಗೋಡೆಯಲ್ಲಿ ವಯಸ್ಸಿನಿಂದ ಬರುವ ಕೊಬ್ಬಿನ ಕಲೆಗಳು ಇದ್ದರೂ ರಕ್ತದ ದಾರಿ ಮುಚ್ಚಿರಲಿಲ್ಲ. 1911ರಲ್ಲಿ ಕೈಬಿಟ್ಟಿದ್ದ ಹೃದಯ ಹೀಗೆ ತನ್ನ ಪರವಾಗಿ ತಾನೇ ಸಾಕ್ಷಿ ಹೇಳಿತು.

ಆದರೆ ವಿದ್ಯಾರ್ಥಿ ಮಿತ್ರರೇ, ಈ ಕಥೆಯಿಂದ ತಪ್ಪು ಪಾಠ ಕಲಿಯಬಾರದು. ಒಬ್ಬರ ಹೃದಯ ಎಲ್ಲರಿಗೂ ನಿಯಮವಾಗುವುದಿಲ್ಲ. ಅಷ್ಟು ಅಗಲದ ನಾಳಗಳು ಓಟದಿಂದಲೇ ಬಂದವೋ, ಸ್ವಲ್ಪ ಹುಟ್ಟಿನಿಂದಲೂ ಇದ್ದವೋ ಹೇಳಲಾಗದು. 1970ರ ದಶಕದಲ್ಲಿ ಮ್ಯಾರಥಾನ್ ಓಡುವವರಿಗೆ ಹೃದಯಾಘಾತವೇ ಆಗದೆಂದು ವಾದಿಸಿದವರಿದ್ದರು. ಓಟದ ಬಗ್ಗೆ ಜನಪ್ರಿಯ ಪುಸ್ತಕ ಬರೆದ ಜಿಮ್ ಫಿಕ್ಸ್ 1984ರಲ್ಲಿ 52ನೆಯ ವಯಸ್ಸಿನಲ್ಲಿ ಓಟದ ವೇಳೆಯಲ್ಲಿಯೇ ಹೃದಯಾಘಾತದಿಂದ ಸತ್ತರು. ಅವರ ತಂದೆಯೂ ಚಿಕ್ಕ ವಯಸ್ಸಿನಲ್ಲಿ ಹೃದ್ರೋಗದಿಂದ ತೀರಿಕೊಂಡಿದ್ದರು. ಹೃದಯದ ಸ್ನಾಯು ಹುಟ್ಟುಗುಣದಿಂದ ಅತಿಯಾಗಿ ದಪ್ಪವಾಗುವ ಕಾಯಿಲೆಯೂ ಇದೆ. ಅದು ಹೊರನೋಟಕ್ಕೆ ಆಟಗಾರರ ಹೃದಯದಂತೆಯೇ ಕಾಣಬಹುದು.

ಈ ಎರಡನ್ನೂ ಬೇರ್ಪಡಿಸಲು ಇಂದು ವೈದ್ಯರು ಕುಟುಂಬದ ಇತಿಹಾಸ ಕೇಳುತ್ತಾರೆ, ಇಸಿಜಿ ತೆಗೆಯುತ್ತಾರೆ, ಎಕೋ ಪರೀಕ್ಷೆಯಲ್ಲಿ ಗೋಡೆಯ ದಪ್ಪ ಅಳೆಯುತ್ತಾರೆ. ಸಂದೇಹ ಉಳಿದರೆ ಕೆಲವು ತಿಂಗಳು ಅಭ್ಯಾಸ ನಿಲ್ಲಿಸಿ ಮತ್ತೆ ಅಳೆಯುವುದೂ ಉಂಟು. ತರಬೇತಿಯಿಂದ ದಪ್ಪವಾದ ಗೋಡೆ ಬಿಡುವು ಸಿಕ್ಕರೆ ತೆಳ್ಳಗಾಗುತ್ತದೆ, ರೋಗವಾದರೆ ಹಾಗೆಯೇ ಉಳಿಯುತ್ತದೆ. ಇಟಲಿಯಲ್ಲಿ 1982ರಿಂದ ಸ್ಪರ್ಧಾಳುಗಳಿಗೆ ಇಸಿಜಿ ಸಹಿತ ತಪಾಸಣೆ ಕಡ್ಡಾಯವಾಗಿದೆ.

ಆದ್ದರಿಂದ ಓಡುವಾಗ ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ ಅದನ್ನು ಶಿಕ್ಷಕರಿಂದಲೂ ತಂದೆ ತಾಯಿಯರಿಂದಲೂ ಮುಚ್ಚಿಡಬೇಡಿ. ತಂಡದಿಂದ ಕೈಬಿಡುತ್ತಾರೆಂಬ ಭಯಕ್ಕಿಂತ ಜೀವ ದೊಡ್ಡದು. ಪರೀಕ್ಷೆಯಲ್ಲಿ ಹೃದಯ ಸರಿಯಿದೆ ಎಂದು ತಿಳಿದ ಮೇಲೆ ಮಾತ್ರ ಡಿಮಾರ್ ಅವರನ್ನು ನೆನೆದು ಧೈರ್ಯವಾಗಿ ಓಡಿ. ಬಡತನ, ದುಡಿಮೆ, ಓದು ಯಾವುದೂ ಅವರ ಓಟಕ್ಕೆ ಅಡ್ಡಿಯಾಗಲಿಲ್ಲ. ನಿಮಗೂ ಆಗಬೇಕಿಲ್ಲ.