ಪುಸ್ತಕ ಬಿಟ್ಟು ಕದಲದ ಹುಡುಗ

ಗಗನಯಾತ್ರಿ ಎಂದರೆ ನಮಗೆ ಮೊದಲು ನೆನಪಾಗುವವರು ರಾಕೇಶ್ ಶರ್ಮಾ. ಅವರು ಬಾಹ್ಯಾಕಾಶಕ್ಕೆ ಹೋದದ್ದು 1984ರ ಏಪ್ರಿಲ್‌ನಲ್ಲಿ. ಅದಕ್ಕೆ ಎರಡು ತಿಂಗಳು ಮೊದಲು ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋಗಿಬಂದ ವಿಜ್ಞಾನಿ ರೊನಾಲ್ಡ್ ಮೆಕ್ನೇರ್. ನಮ್ಮ ಶಾಲೆಯ ಮಕ್ಕಳು ಇವರ ಬದುಕನ್ನೂ ತಿಳಿಯಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೆಕ್ನೇರ್ ಹುಟ್ಟಿದ್ದು 1950ರ ಅಕ್ಟೋಬರ್ 21ರಂದು, ದಕ್ಷಿಣ ಕೆರೊಲಿನಾ ರಾಜ್ಯದ ಲೇಕ್ ಸಿಟಿ ಎಂಬ ಸಣ್ಣ ಊರಿನಲ್ಲಿ. ತಂದೆ ಮೋಟಾರು ಮೆಕ್ಯಾನಿಕ್, ತಾಯಿ ಶಿಕ್ಷಕಿ. ನಮ್ಮ ಬಳ್ಳಾರಿ ಸೀಮೆಯಂತೆ ಅದೂ ಹತ್ತಿ ಬೆಳೆಯುವ ನಾಡು. ನಮ್ಮಲ್ಲಿ ಕೆಲವರಿಗೆ ಬಾವಿ, ಗುಡಿಗಳನ್ನು ನಿಷೇಧಿಸಿದ್ದಂತೆ ಅಲ್ಲಿ ಕಪ್ಪು ಜನರಿಗೆ ಶಾಲೆಯೇ ಬೇರೆ ಇತ್ತು. ಊರಿನ ಸಾರ್ವಜನಿಕ ಗ್ರಂಥಾಲಯ ಬಿಳಿಯರಿಗೆ ಮಾತ್ರ.

1959ರಲ್ಲಿ, ಎಂಟೊಂಬತ್ತು ವರ್ಷದ ರೊನಾಲ್ಡ್ ಒಬ್ಬನೇ ಆ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೇಳಿದ. ಗ್ರಂಥಪಾಲಕಿ ಕೊಡಲಿಲ್ಲ. ಹುಡುಗ ಜಗಳ ಮಾಡಲಿಲ್ಲ, ಅಳಲಿಲ್ಲ. ಪುಸ್ತಕ ಸಿಗುವವರೆಗೂ ಕದಲುವುದಿಲ್ಲವೆಂದು ಅಲ್ಲೇ ಕುಳಿತ. ಪೊಲೀಸರು ಬಂದರು, ತಾಯಿಯೂ ಬಂದರು. ಕೊನೆಗೆ ಪುಸ್ತಕ ಅವನ ಕೈ ಸೇರಿತು.

1967ರಲ್ಲಿ ಪ್ರೌಢಶಾಲೆಯನ್ನು ಮೊದಲಿಗನಾಗಿ ಮುಗಿಸಿ, 1971ರಲ್ಲಿ ಭೌತಶಾಸ್ತ್ರದಲ್ಲಿ ಪದವಿ ಪಡೆದರು. ಎಂಐಟಿಯಲ್ಲಿ ಲೇಸರ್ ಕುರಿತು ಸಂಶೋಧನೆ ಮಾಡುವಾಗ ಎರಡು ವರ್ಷಗಳ ಪ್ರಯೋಗದ ದಾಖಲೆಗಳು ಕಳೆದುಹೋದವು. ಬ್ಯಾಕಪ್ ನಂಬಿ ಕೆಲಸ ಮಾಡುವ ನನ್ನಂಥ ಸಾಫ್ಟ್‌ವೇರ್‌ನವರಿಗೆ ಆ ಸಂಕಟ ಎಂಥದೆಂದು ಗೊತ್ತು. ಅವರು ಮತ್ತೆ ಮೊದಲಿನಿಂದ ಶುರುಮಾಡಿ 1976ರಲ್ಲಿ ಪಿಎಚ್.ಡಿ. ಪಡೆದರು. 1978ರಲ್ಲಿ ನಾಸಾ ಸಾವಿರಾರು ಅರ್ಜಿಗಳಿಂದ ಆರಿಸಿದ 35 ಜನರಲ್ಲಿ ಇವರೂ ಒಬ್ಬರಾದರು. ಬಾಹ್ಯಾಕಾಶಕ್ಕೆ ಹೋದ ಎರಡನೆಯ ಆಫ್ರಿಕನ್-ಅಮೆರಿಕನ್ ಇವರೇ. ಕರಾಟೆ ಬಲ್ಲವರು, ಸ್ಯಾಕ್ಸೋಫೋನ್ ನುಡಿಸುವವರು. ಆ ವಾದ್ಯವನ್ನು ಬಾಹ್ಯಾಕಾಶಕ್ಕೂ ಒಯ್ದಿದ್ದರು.

1986ರ ಜನವರಿ 28ರಂದು ಎರಡನೆಯ ಬಾರಿ ಹೊರಟರು. ಹಿಂದಿನ ರಾತ್ರಿಯ ಕೊರೆಯುವ ಚಳಿಗೆ ರಾಕೆಟ್ಟಿನ ರಬ್ಬರ್ ಬಳೆ ಬಿರುಸಾಗಿ, ಬಿಸಿ ಅನಿಲ ಸೋರಿತು. ಹಾರಿದ 73 ಸೆಕೆಂಡಿಗೆ ಚಾಲೆಂಜರ್ ಛಿದ್ರವಾಯಿತು. ಒಬ್ಬ ಶಾಲಾ ಶಿಕ್ಷಕಿಯೂ ಸೇರಿ ಏಳೂ ಜನ ತೀರಿಕೊಂಡರು. ಮೆಕ್ನೇರ್‌ಗೆ ಆಗ 35 ವರ್ಷ.

ಅಂದು ಪೊಲೀಸರನ್ನು ಕರೆಸಿದ ಆ ಗ್ರಂಥಾಲಯದ ಕಟ್ಟಡ ಇಂದು ಅವರ ಹೆಸರಿನ ಸ್ಮಾರಕ.

ನಮ್ಮ ಕೌಲ್ ಬಜಾರ್‌ನ ಮಕ್ಕಳಿಗೆ ಪುಸ್ತಕ ಕೊಡಬಾರದೆಂಬ ಕಾನೂನು ಇಲ್ಲ. ಆದರೆ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕವಿಲ್ಲದ ಮಕ್ಕಳು ಬಹಳ. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳಾದ ನಾವು ತಲಾ ಒಂದು ವಿಜ್ಞಾನದ ಪುಸ್ತಕವನ್ನಾದರೂ ಶಾಲೆಗೆ ಕೊಡೋಣ. ಗುರುಗಳು ಅದನ್ನು ಬೀರುವಿನಲ್ಲಿಡದೆ ಮಕ್ಕಳಿಗೆ ಮನೆಗೆ ಒಯ್ಯಲು ಕೊಡಲಿ. ಹರಿದರೆ ಹರಿಯಲಿ, ಇನ್ನೊಂದು ತಂದುಕೊಡೋಣ.